ಅಪ್‌ಡೇಟ್: ಕೋಲಾ ಇಲ್ಲದೆ ರಮ್ ಕುಡಿದು ನೋಡಿದೆ

ಹೋದ ತಿಂಗಳು ಇಲ್ಲಿ ಕೇಳಿದ್ದೆ, ಓಲ್ಡ್ ಮಾಂಕ್‌ನಂಥ ಕಡಿಮೆ ದುಡ್ಡಿನ ರಮ್‌ನಲ್ಲಿ ರುಚಿ ನೋಡುವಂಥದ್ದು ಏನಾದರೂ ಇದೆಯಾ, ಸುಮ್ನೆ ಕೋಲಾ ಬೆರೆಸಿ ಕುಡಿಯುವುದೇ ಸರಿಯಾ ಅಂತ. ಸ್ವಲ್ಪ ನೀರು ಹಾಕಿ, ನಿಧಾನಕ್ಕೆ ಮೂಸಿ ನೋಡಿ ಅಂದಿದ್ದಿರಿ. ಮಾಡಿದೆ.

ತೀರ್ಥಹಳ್ಳಿ ಮನೆಯ ಜಗಲಿ, ಹೊರಗೆ ಜಡಿಮಳೆ, ಜೊತೆಗೆ ಭಾವ. ಮೊದಲು ಮೂಗಿಗೆ ಹೊಡೆದದ್ದು ಬರೀ ಘಾಟು. 42.8 ಪರ್ಸೆಂಟ್ ಆಲ್ಕೋಹಾಲ್ ಅಲ್ವಾ! ಹತ್ತು ನಿಮಿಷ ಬಿಟ್ಟು ಎರಡು ಚಮಚ ನೀರು ಹಾಕಿದ ಮೇಲೆ ವೆನಿಲ್ಲಾ ಬಂತು, ಅದರ ಹಿಂದೆಯೇ ಆಲೆಮನೆ ವಾಸನೆ. ಕೊಪ್ಪರಿಗೆಯ ತಳ ತುಸು ಸೀದಾಗ ಬರುತ್ತದಲ್ಲ, ಅದೇ. ರಮ್ ಆಗುವುದೂ ಕಬ್ಬಿನ ಕಾಕಂಬಿಯಿಂದಲೇ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ), ನೆಂಟಸ್ತಿಕೆ ಇದೆ ಬಿಡಿ.

ಬಾಯಲ್ಲಿ ಸಿಹಿ ಜಾಸ್ತಿ, ಕೊನೆಗೆ ಗಂಟಲಲ್ಲಿ ಉರಿ. ಮರದ ಪೀಪಾಯಿಯಲ್ಲಿಟ್ಟು ಹಳೆಯದಾಗಿಸಿದಾಗ ಬರುವ ಒಗರು ಹುಡುಕಿದೆ, ಚೂರೇ ಚೂರು ಸಿಕ್ಕಿತು. ಲೇಬಲ್ 7 ವರ್ಷ ಅನ್ನುತ್ತದೆ, ನನ್ನ ನಾಲಿಗೆಗೆ ಅಷ್ಟು ವಯಸ್ಸು ಕಾಣಲಿಲ್ಲ. ಕಪ್ಪು ಬಣ್ಣ ನೋಡಿ ಹಳೆಯದು ಅಂತ ಮೋಸ ಹೋಗಬೇಡಿ ಅಂತ ನೀವು ಅಂದಿದ್ದೂ ಸರಿ, ಕ್ಯಾರಮೆಲ್ ಹಾಕಿದರೂ ಬಣ್ಣ ಬರುತ್ತದೆ.

ಭಾವನ ತೀರ್ಪು: "ಇದಕ್ಕಿಂತ ನಮ್ಮ ಜೋನಿಬೆಲ್ಲವೇ ವಾಸಿ." ನನ್ನದು: ಈ ದುಡ್ಡಿಗೆ ಹತ್ತಕ್ಕೆ ಆರೂವರೆ. ಉಳಿದದ್ದು ಬಿಸಿನೀರು, ನಿಂಬೆಹಣ್ಣಿಗೆ.