ಪದಚರ್ಚೆ: ಕಾರನ್ನು ‘ಹೂತರು’ ಅನ್ನೋಣವೋ, ‘ನೆಟ್ಟರು’ ಅನ್ನೋಣವೋ?

ಗೆಳೆಯರಿಗೆ ನಮಸ್ಕಾರ.

ಹಳೇ ಕಾರುಗಳಿಂದ ಮಾಡಿದ ರಸ್ತೆಬದಿಯ ಕಲಾಕೃತಿಗಳ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಒಂದು ಕ್ರಿಯಾಪದದ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಅಮೆರಿಕದ ಟೆಕ್ಸಾಸ್‌ನಲ್ಲಿ, ಅಮರಿಲೊ ಊರಿನ ಹತ್ತಿರ ‘ಕ್ಯಾಡಿಲಾಕ್ ರ‍್ಯಾಂಚ್’ ಇದೆ. 1974ರಲ್ಲಿ ‘ಆಂಟ್ ಫಾರ್ಮ್’ ಎಂಬ ಕಲಾವಿದರ ಗುಂಪು ಮಾಡಿದ್ದು. ಹತ್ತು ಕ್ಯಾಡಿಲಾಕ್ ಕಾರುಗಳು ಸಾಲಾಗಿ ನಿಂತಿವೆ. ಮೂತಿ ನೆಲದೊಳಗೆ, ಬಾಲ ಮೇಲಕ್ಕೆ, ಎಲ್ಲವೂ ಒಂದೇ ಓರೆಯಲ್ಲಿ. ಇಂಗ್ಲಿಷಿನವರು ಇವನ್ನು ಅರ್ಧ ಹೂತ ಕಾರುಗಳು ಎನ್ನುತ್ತಾರೆ. ಕನ್ನಡದಲ್ಲೂ ಹಾಗೇ ಬರೆಯಲು ನನಗೆ ಮನಸ್ಸಿಲ್ಲ. ಹೂಳುವುದು ಕಣ್ಣಿಗೆ ಮರೆಯಾಗಲಿ ಅಂತ. ಹೆಣ ಹೂಳುತ್ತಾರೆ, ನಿಧಿ ಹೂಳುತ್ತಾರೆ. ನೆಡುವುದು ಎದ್ದು ನಿಲ್ಲಲಿ ಅಂತ. ಕಂಬ ನೆಟ್ಟಾಗ ಒಳಗೆ ಹೋದ ಭಾಗ ಬರೀ ಆಸರೆ, ಮೇಲೆ ಉಳಿದದ್ದೇ ಮುಖ್ಯ.

ಇಲ್ಲೂ ಮೇಲೆ ಉಳಿದದ್ದೇ ಮುಖ್ಯ. ಇವು 1949ರಿಂದ 1963ರವರೆಗಿನ ಮಾದರಿಗಳು. ಆ ಕಾಲದ ಕ್ಯಾಡಿಲಾಕ್‌ಗಳ ಹಿಂಬದಿಯಲ್ಲಿ ಎರಡೂ ಕಡೆ ರೆಕ್ಕೆಯ ಹಾಗೆ ತಗಡು ಎದ್ದಿರುತ್ತಿತ್ತು. ಆ ರೆಕ್ಕೆ ಹೇಗೆ ಬೆಳೆಯಿತು, ಹೇಗೆ ಕುಗ್ಗಿತು ಅನ್ನುವುದು ಸಾಲಿನಲ್ಲಿ ಕಾಣಲಿ ಅಂತಲೇ ಬಾಲ ಮೇಲಿಟ್ಟದ್ದು. ಈಗ ಬಂದವರೆಲ್ಲ ಡಬ್ಬಿ ಹಿಡಿದು ಬಣ್ಣ ಸಿಂಪಡಿಸುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ. ಪದರದ ಮೇಲೆ ಪದರ ಕೂತು ತಗಡಿನ ಚೂಪು ಅಂಚುಗಳೆಲ್ಲ ಉಬ್ಬಿ ಮೊಂಡಾಗಿವೆ.

ಇನ್ನೊಂದು ಮಾತು. ಊರು ಬೆಳೆದು ಹತ್ತಿರ ಬಂತೆಂದು 1997ರಲ್ಲಿ ಈ ಕಾರುಗಳನ್ನು ಸುಮಾರು 3 ಕಿಲೋಮೀಟರ್ ಪಶ್ಚಿಮಕ್ಕೆ ಸಾಗಿಸಿದರು. ‘ಕಿತ್ತು ಬೇರೆ ಕಡೆ ನೆಟ್ಟರು’ ಅಂದರೆ ಎಷ್ಟು ಸಲೀಸಾಗಿ ಬರುತ್ತದೆ, ಅಲ್ವಾ? ಹೂತದ್ದಾದರೆ ಅಗೆದು ತೆಗೆಯಬೇಕು. ಹಾಗಾಗಿ ನನ್ನ ಮತ ‘ನೆಟ್ಟ’ ಕಡೆಗೆ. ಆದರೆ ಕೆಲವರ ಮಾತಿನಲ್ಲಿ ಕಂಬಕ್ಕೂ ‘ಹುಗಿ’ ಬರುತ್ತದೆ. ನಿಮ್ಮ ಕಡೆ ಹುಗಿಯುವುದಕ್ಕೂ ನೆಡುವುದಕ್ಕೂ ವ್ಯತ್ಯಾಸ ಇದೆಯೇ?

ಎಲ್ಲ ಕೃತಿಗಳಿಗೂ ಇದೇ ಪದ ಹೊಂದುವುದಿಲ್ಲ. ಫ್ರಾನ್ಸಿನಲ್ಲಿ ಆರ್ಮಾನ್ ಎಂಬ ಕಲಾವಿದ 1982ರಲ್ಲಿ 60 ಕಾರುಗಳನ್ನು ಕಾಂಕ್ರೀಟ್ ಗೋಪುರದೊಳಗೆ ಸೇರಿಸಿದ. ಅದಕ್ಕೆ ‘ಹುದುಗಿಸಿದ’ ಸರಿ. ಅಮೆರಿಕದ ಇಲಿನಾಯ್‌ನ ಬರ್ವಿನ್‌ನಲ್ಲಿ 1989ರಿಂದ 2008ರವರೆಗೆ ಎಂಟು ಕಾರುಗಳು ಒಂದು ಉದ್ದನೆಯ ಸಲಾಕೆಯ ಮೇಲೆ ಒಂದರ ಮೇಲೊಂದು ಇದ್ದವು, ಅಂಗಡಿಯ ಬಿಲ್ಲುಗಳನ್ನು ಕಂಬಿಗೆ ಚುಚ್ಚಿಟ್ಟ ಹಾಗೆ. ಅಲ್ಲಿ ‘ಪೋಣಿಸಿದ’ ತುಂಬಾ ಮೆತ್ತಗಾಯಿತು, ‘ಚುಚ್ಚಿದ’ ಅನ್ನುವುದೇ ವಾಸಿ.

ನೆಬ್ರಾಸ್ಕಾದ ಅಲಯನ್ಸ್ ಊರಿನ ‘ಕಾರ್‌ಹೆಂಜ್’ ಜಾಸ್ತಿ ಕಷ್ಟ ಕೊಡುತ್ತಿದೆ. ಜಿಮ್ ರೈಂಡರ್ಸ್ ತಮ್ಮ ತಂದೆಯ ನೆನಪಿಗೆ 1987ರಲ್ಲಿ, ಇಂಗ್ಲೆಂಡಿನ ಪುರಾತನ ನಿಲುಗಲ್ಲುಗಳ ಸುತ್ತು ಸ್ಟೋನ್‌ಹೆಂಜ್ ಮಾದರಿಯಲ್ಲಿ, ಕಟ್ಟಿದ್ದು. ಕಾರುಗಳಿಗೆಲ್ಲ ಕಲ್ಲಿನ ಬೂದು ಬಣ್ಣ. ಕೆಲವನ್ನು ನೆಟ್ಟಿದ್ದಾರೆ, ಅವುಗಳ ನೆತ್ತಿಯ ಮೇಲೆ ಬೇರೆ ಕಾರುಗಳನ್ನು ಅಡ್ಡಲಾಗಿ ಇಟ್ಟಿದ್ದಾರೆ. ನೆಟ್ಟದ್ದಕ್ಕೆ ‘ನಿಲುಗಲ್ಲು’ ಇದ್ದಂತೆ ‘ನಿಲುಗಾರು’ ಅನ್ನಬಹುದೇ? ಬಾಯಲ್ಲಿ ಹೇಳಿ ನೋಡಿದೆ, ಕೇಳಿದವರಿಗೆ ಕಾರು ಅನ್ನುವುದು ಹೊಳೆಯುವುದೇ ಅನುಮಾನ. ಮೇಲಿನದಕ್ಕೆ ‘ಅಡ್ಡತೊಲೆ’ ಸುಲಭವಾಗಿ ಸಿಗುತ್ತದೆ.

ಇನ್ನು ಇಂಥ ಕೃತಿಗಳಿಗೆಲ್ಲ ಸೇರಿ ಒಂದು ಹೆಸರು ಬೇಕು. ‘ಗುಜರಿ ಕಲೆ’ ಬೇಡ ಅನ್ನಿಸುತ್ತದೆ. ಗುಜರಿಗೆ ಹೋದದ್ದು ತೂಕಕ್ಕೆ ಬೀಳುತ್ತದೆ, ಅದು ಯಾವ ಕಾರು ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಯಾವ ವರ್ಷದ ಯಾವ ಕಾರು ಅನ್ನುವುದೇ ಜೀವ. ‘ಪ್ರತಿಷ್ಠಾಪನಾ ಕಲೆ’ (ಇಂಗ್ಲಿಷಿನ ಇನ್‌ಸ್ಟಲೇಶನ್) ಪತ್ರಿಕೆಗಳಲ್ಲಿ ಓಡುತ್ತಿದೆ, ಆದರೆ ಹೆದ್ದಾರಿ ಪಕ್ಕದ ಹೊಲದಲ್ಲಿ ನಿಂತ ಕಾರಿಗೆ ಅದು ಭಾರ. ಸುಮ್ನೆ ‘ಕಾರುಶಿಲ್ಪ’ ಅಂದರೆ ಸಾಕೇ? ಶಿಲ್ಪ ಅಂದರೆ ಕಲ್ಲಿನದೇ ಆಗಬೇಕು ಅನ್ನುವವರು ಇದ್ದರೆ ಅವರ ವಾದವನ್ನೂ ಕೇಳಬೇಕು.