ಶಿಲೀಂಧ್ರದ ಸಕ್ಕರೆ ಗೋಡೆ, ಅದನ್ನು ಕಟ್ಟುವ ಕಿಣ್ವ: ಆನ್‌ಲೈನ್ ಗುಂಪಿನಲ್ಲಿ ವೈದ್ಯರೊಂದಿಗೆ ಪ್ರಶ್ನೋತ್ತರ

ದಾವಣಗೆರೆಯ ಸದಸ್ಯೆ: ಮೇಡಂ, ತಂದೆಯವರು ಐಸಿಯುನಲ್ಲಿದ್ದಾರೆ. ರಕ್ತದಲ್ಲಿ ಕ್ಯಾಂಡಿಡಾ ಔರಿಸ್ ಎಂಬ ಶಿಲೀಂಧ್ರ ಇದೆಯಂತೆ. ಶಿಲೀಂಧ್ರದ ಔಷಧ ಕ್ಯಾಸ್ಪೊಫಂಜಿನ್ ಶುರುವಾಗಿ ಆರು ದಿನ, ಜ್ವರ ಇಳಿದಿಲ್ಲ. ಔಷಧ ನಾಟುತ್ತಿಲ್ಲವೇ?

ವೈದ್ಯೆ: ಈ ಶಿಲೀಂಧ್ರದ ಗೋಡೆಗೆ ಬಲ ಕೊಡುವುದು ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿ. ಅದನ್ನು ಹೆಣೆಯುವ ಕಿಣ್ವ ಗ್ಲೂಕಾನ್ ಸಿಂಥೇಸ್. ಕ್ಯಾಸ್ಪೊಫಂಜಿನ್ ಈ ಕಿಣ್ವದ ಕೈ ಕಟ್ಟುತ್ತದೆ. ಆದರೆ ಎಫ್‌ಕೆಎಸ್‌1 ಎಂಬ, ಈ ಕಿಣ್ವವನ್ನು ರೂಪಿಸುವ ಜೀನ್ ಬದಲಾಗಿದ್ದರೆ ಔಷಧದ ಹಿಡಿತ ಸಡಿಲವಾಗುತ್ತದೆ. ಗ್ಲೂಕಾನ್ ಕಡಿಮೆಯಾದಾಗ ಶಿಲೀಂಧ್ರ ಕೈಟಿನ್ ಎಂಬ ಇನ್ನೊಂದು ಗೋಡೆಯ ವಸ್ತುವನ್ನು ಹೆಚ್ಚು ಕಟ್ಟಿ ಗೋಡೆಗೆ ತೇಪೆ ಹಾಕಿಕೊಳ್ಳುವುದೂ ಉಂಟು. ಹಾಗೆಂದು ಜ್ವರವೊಂದನ್ನೇ ನೋಡಿ ಔಷಧ ಸೋತಿತು ಎನ್ನಲಾಗದು. ಇಂದೇ ವಿಚಾರಿಸಿ: ರಕ್ತದ ಕಲ್ಚರ್ (ರಕ್ತದಲ್ಲಿ ಶಿಲೀಂಧ್ರ ಬೆಳೆಯುತ್ತದೆಯೇ ಎಂಬ ಪರೀಕ್ಷೆ) ಮತ್ತೆ ಕಳಿಸಿದರೇ? ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ವರದಿ ಬಂತೇ? ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ತೆಗೆದರೇ? ಕಣ್ಣು, ಹೃದಯ ಪರೀಕ್ಷಿಸಿದರೇ? ಈ ಔಷಧ ಕಣ್ಣಿಗೆ, ಮಿದುಳಿಗೆ, ಮೂತ್ರಕ್ಕೆ ಸಾಕಷ್ಟು ತಲುಪುವುದಿಲ್ಲ. ತೊಡಕಿಲ್ಲದಿದ್ದರೆ, ಕಲ್ಚರ್ ನೆಗೆಟಿವ್ ಆದ ಮೇಲೂ 14 ದಿನ ಚಿಕಿತ್ಸೆ ನಡೆಯಬೇಕು.

ಮೈಸೂರಿನ ಸದಸ್ಯ: ಗೋಡೆಯೇ ಸಕ್ಕರೆಯದಾದರೆ ನಾವು ಸಕ್ಕರೆ ಬಿಟ್ಟರೆ ಸಾಕಲ್ಲವೇ?

ವೈದ್ಯೆ: ಸಾಲದು. ಗೋಡೆ ಕಟ್ಟಲು ಕಿಣ್ವಕ್ಕೆ ಬೇಕಾದ ಯುಡಿಪಿ-ಗ್ಲೂಕೋಸ್ ಎಂಬ ಕಚ್ಚಾವಸ್ತುವನ್ನು ಶಿಲೀಂಧ್ರ ತಾನೇ ತಯಾರಿಸಿಕೊಳ್ಳುತ್ತದೆ.

ತುಮಕೂರಿನ ಸದಸ್ಯ: ಪಟಿಕ, ಅರಿಶಿನ, ಸೈಂಧವ ಲವಣ, ಸಾಸಿವೆ ಎಣ್ಣೆ. 2021ರಲ್ಲಿ ಕಪ್ಪು ಶಿಲೀಂಧ್ರಕ್ಕೆ ಇದೇ ಮದ್ದು ಎಂದು ಬಂದಿತ್ತು. ಎಲ್ಲರಿಗೂ ಕಳಿಸಿ.

ವೈದ್ಯೆ: ಅಳಿಸಿ. ಅದರಿಂದ ಗುಣವಾಗದು. ಆ ರೋಗಕ್ಕೆ ಕ್ಯಾಸ್ಪೊಫಂಜಿನ್ ಒಂದೇ ಕೊಟ್ಟರೂ ಸಾಲದು. ಆಂಫೊಟೆರಿಸಿನ್ ಎಂಬ ಇಂಜೆಕ್ಷನ್ ಬೇಕು, ಕೊಳೆತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ಮನೆಯಲ್ಲಿ ಕಳೆದ ಒಂದೊಂದು ದಿನಕ್ಕೂ ಬೆಲೆ ತೆರಬೇಕಾಗುತ್ತದೆ.

ಶಿವಮೊಗ್ಗದ ಸದಸ್ಯೆ: ನಮ್ಮ ಮಾವನವರು ಇಂಥದ್ದನ್ನೇ ನಂಬಿ ನಾಲ್ಕು ದಿನ ಕುಳಿತರು. ಒಂದು ಕಣ್ಣು ಹೋಯಿತು.

ತುಮಕೂರಿನ ಸದಸ್ಯ: ಇಂಜೆಕ್ಷನ್ನಿಗೆ ದುಡ್ಡಿಲ್ಲದವರು ಏನು ಮಾಡಬೇಕು? ಅದನ್ನೂ ಹೇಳಿ.

ಶಿವಮೊಗ್ಗದ ಸದಸ್ಯೆ: ದುಡ್ಡಿಲ್ಲದವರಿಗೆ ಸುಳ್ಳು ಹಂಚುವುದೇ? ನಿಮ್ಮ ಮನೆಯವರಿಗೆ ಇದನ್ನೇ ಕೊಡುತ್ತೀರಾ?

ತುಮಕೂರಿನ ಸದಸ್ಯ: ಮನೆಯವರ ವಿಷಯಕ್ಕೆ ಬರಬೇಡಿ.

ಹಾಸನದ ಸದಸ್ಯ: ಮೇಡಂ, ಕಾಲಿನ ಉಗುರು ಹಳದಿಯಾಗಿ ದಪ್ಪಗಾಗಿದೆ. ಈ ಔಷಧದ ಮಾತ್ರೆ ಸಿಗುತ್ತದೆಯೇ?

ಉಡುಪಿಯ ಸದಸ್ಯೆ: ಸಕ್ಕರೆ ಬದಲು ಬೆಲ್ಲ ತಿಂದರೆ?

ವೈದ್ಯೆ: ಮೇಲೆ ಓದಿ.

ಮೈಸೂರಿನ ಸದಸ್ಯ: ಮಧುಮೇಹಿಗಳಿಗೇ ಕಪ್ಪು ಶಿಲೀಂಧ್ರ ಹೆಚ್ಚು ತಗುಲಿತಲ್ಲ, ಅದಕ್ಕೆ ಏನೆನ್ನುತ್ತೀರಿ?

ವೈದ್ಯೆ: ರಕ್ತದ ಸಕ್ಕರೆ ಹತೋಟಿ ತಪ್ಪಿದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಅಪಾಯ ಹೆಚ್ಚುತ್ತದೆ. ಅದನ್ನು ಹತೋಟಿಗೆ ತರಲೇಬೇಕು. ಅಷ್ಟರಿಂದಲೇ ಶಿಲೀಂಧ್ರ ಸಾಯುವುದಿಲ್ಲ. ಈ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ. ದಾವಣಗೆರೆಯವರು ಎಲ್ಲಿ?

ದಾವಣಗೆರೆಯ ಸದಸ್ಯೆ: ಈಗ ಕೇಳಿಕೊಂಡು ಬಂದೆ ಮೇಡಂ. ವರದಿ ನಾಳೆ ಬರುತ್ತದಂತೆ. ಲೈನ್ ಇನ್ನೂ ತೆಗೆದಿಲ್ಲ.

ವೈದ್ಯೆ: ನಾಳೆಯವರೆಗೆ ಕಾಯಬೇಡಿ. ಲೈನ್ ತೆಗೆಯಲು ಸಾಧ್ಯವೇ, ಇಲ್ಲವಾದರೆ ಏಕೆ ಎಂದು ಈಗಲೇ ಅಲ್ಲಿನ ವೈದ್ಯರನ್ನು ಕೇಳಿ. ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ, ನಾನು ಎಚ್ಚರವಾಗಿಯೇ ಇರುತ್ತೇನೆ.