ದಿಮೋನಾದ ಮರಾಠಿ ಅಜ್ಜಿ: ಬೆನೆ ಇಸ್ರೇಲ್ ಕಥೆಯೊಂದರ ಬಗ್ಗೆ ಪ್ರಶ್ನೆ

ಪ್ರಶ್ನೆ:
ಕೊಂಕಣ ಮೂಲದ ಬೆನೆ ಇಸ್ರೇಲ್ ಯಹೂದಿ ಕುಟುಂಬವೊಂದು ಮುಂಬಯಿ ಬಿಟ್ಟು ಇಸ್ರೇಲಿನ ಮರುಭೂಮಿಯ ಊರಾದ ದಿಮೋನಾದಲ್ಲಿ ನೆಲೆಸುವ ಕಥೆಯನ್ನು ಬರೆಯುತ್ತಿದ್ದೇನೆ. ಕಾಲ 1962. ಎಷ್ಟು ತಿದ್ದಿದರೂ ಅದು ಅಜ್ಜಿಯೊಬ್ಬರು ಕಿಟಕಿಯ ಬಳಿ ಕುಳಿತು ಅಲಿಬಾಗಿನ ತೆಂಗಿನ ತೋಟವನ್ನು ನೆನೆಯುವ ಹಳಹಳಿಕೆಯಾಗಿಯೇ ಉಳಿಯುತ್ತಿದೆ. ಎರಡು ನಾಡುಗಳ ಎಳೆದಾಟವನ್ನು ಘಟನೆಯಾಗಿ ತೋರಿಸುವುದು ಹೇಗೆ? ಅಜ್ಜಿ ಯಾವ ಭಾಷೆಯಲ್ಲಿ ಮಾತನಾಡಬೇಕು?

ಮೊದಲ ಉತ್ತರ:
ಅಜ್ಜಿಯ ಪ್ರಾರ್ಥನೆ ಹೀಬ್ರೂವಿನಲ್ಲಿರಲಿ, ಜಗಳ ಮರಾಠಿಯಲ್ಲಿರಲಿ. ಘಟನೆಯನ್ನು ನೀವು ಆರಿಸಿಕೊಂಡ ವರ್ಷವೇ ಕೊಟ್ಟಿದೆ. ಬೆನೆ ಇಸ್ರೇಲರು ಬೇರೆ ಯಹೂದಿಗಳನ್ನು ಮದುವೆಯಾಗುವುದಾದರೆ ಬೆನೆ ಇಸ್ರೇಲರ ವಂಶವನ್ನು ಸಾಧ್ಯವಾದಷ್ಟು ಹಿಂದಿನವರೆಗೆ ವಿಚಾರಿಸಬೇಕೆಂದು ಇಸ್ರೇಲಿನ ಮುಖ್ಯ ರಬ್ಬಿಗಳ (ಯಹೂದಿ ಧರ್ಮಗುರುಗಳ) ಕಚೇರಿ 1962ರಲ್ಲಿ ಸೂಚನೆ ಹೊರಡಿಸಿತು. ಪ್ರತಿಭಟನೆಗಳು ನಡೆದು, 1964ರಲ್ಲಿ ಸಂಸತ್ತೇ ಅವರ ಪರ ನಿಂತ ಮೇಲೆ ಆ ಸೂಚನೆಯಿಂದ ಸಮುದಾಯದ ಹೆಸರನ್ನು ತೆಗೆಯಲಾಯಿತು. ಮೊಮ್ಮಗಳು ಮೊರೊಕ್ಕೊ ಮೂಲದ ಯಹೂದಿ ಹುಡುಗನನ್ನು ಮೆಚ್ಚಲಿ, ಅಜ್ಜಿ ಕಚೇರಿಯ ಮೇಜಿನೆದುರು ಕೂರಲಿ. ಎಣ್ಣೆ ತೆಗೆಯುವುದು ಬೆನೆ ಇಸ್ರೇಲರ ಕುಲಕಸುಬಾಗಿದ್ದ ಕೊಂಕಣದ ಹಳ್ಳಿಗಳಲ್ಲಿ ಜನ ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆಯುತ್ತಿದ್ದರು. ಶನಿವಾರ ಯಹೂದಿಗಳು ಕೆಲಸ ಮಾಡದ ವಿಶ್ರಾಂತಿಯ ದಿನ; ಅಂದು ಗಾಣ ನಿಂತಿತೆಂದರೆ ಇವರು ಯಾರೆಂದು ಊರಿಗೆಲ್ಲ ತಿಳಿಯುತ್ತಿತ್ತು. ನಿಂತ ಗಾಣಕ್ಕೆ ಕಾಗದದ ಸಾಕ್ಷಿಯನ್ನು ಅಜ್ಜಿ ಎಲ್ಲಿಂದ ತಂದಾರು?

ಎರಡನೆಯ ಉತ್ತರ:
ಮೇಲಿನವರ ಮಾತು ಒಪ್ಪತಕ್ಕದ್ದೇ, ಆದರೆ ಅಡುಗೆಮನೆಯನ್ನು ಬಿಡಬೇಡಿ. ಮಾಂಸದ ಜೊತೆ ಹಾಲು ಸೇರಿಸಬಾರದೆಂಬ ನಿಯಮ ಈ ಮನೆಗಳಲ್ಲಿ ತೆಂಗಿನ ಹಾಲಿನಿಂದಾಗಿ ಸಲೀಸಾಗಿ ನಡೆದುಕೊಂಡು ಬಂದಿದೆ. ಮದುವೆಯಂಥ ಶುಭಕಾರ್ಯಕ್ಕೆ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಲೀದಾ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ತಟ್ಟೆಯ ಸುತ್ತ ಹಣ್ಣುಗಳು. ಮರುಭೂಮಿಯಲ್ಲಿ ತೆಂಗಿನಕಾಯಿ ಹುಡುಕುವುದೇ ಒಂದು ದೃಶ್ಯವಾಗಬಲ್ಲದು.

ಮುಂಬಯಿಯಲ್ಲಿ 1796ರಲ್ಲಿ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಟಿಪ್ಪುವಿನ ಸೆರೆಯಲ್ಲಿದ್ದು ಬಿಡುಗಡೆಯಾದವರೆಂದು ಸಮುದಾಯದ ಐತಿಹ್ಯವಿದೆ. ಕನ್ನಡದವರೆಂಬ ಕಾರಣಕ್ಕೆ ಅದನ್ನು ಕಥೆಯೊಳಗೆ ತುರುಕುವ ಆಸೆ ನಿಮಗೂ ಆದೀತು, ತಡೆದುಕೊಳ್ಳಿ.

ಪ್ರಶ್ನೆ ಕೇಳಿದವರು:
ಆ ಆಸೆ ಆಗಲೇ ಆಗಿತ್ತು, ನಾಲ್ಕು ಪುಟ ಹೊಡೆದುಹಾಕಿದೆ. ಅಜ್ಜಿಯನ್ನು ಕಿಟಕಿಯಿಂದ ಎಬ್ಬಿಸಿ ಕಚೇರಿಗೆ ಕರೆತಂದಿದ್ದೇನೆ. ಪೇಣ್ ಊರಿನವರು ಪೇಣ್‌ಕರ್, ರೋಹಾದವರು ರೋಹೇಕರ್ ಎಂಬ ಅಡ್ಡಹೆಸರಿನ ಪದ್ಧತಿ ಈಗ ಕೆಲಸಕ್ಕೆ ಬಂತು. ಗುಮಾಸ್ತ ತಾಯಿಯ ತಾಯಿ ಯಾರೆಂದು ಕೇಳಿದಾಗಲೆಲ್ಲ ಅಜ್ಜಿ ಒಂದೊಂದು ಹಳ್ಳಿಯ ಹೆಸರು ಹೇಳುತ್ತಾರೆ, ಅವನು ಬರೆದುಕೊಳ್ಳದೆ ಲೇಖನಿ ಹಿಡಿದೇ ಕೂತಿರುತ್ತಾನೆ.